ಸುಮಾತ್ರಾದ ಮಿನಾಂಗ್‌ಕಬಾವ್ ಹಳ್ಳಿ: ಬದುಕು, ಜಮೀನು, ಪ್ರಯಾಣ

ಅಡಿಕೆ ಧಾರಣೆ ಕುಸಿದ ದಿನಗಳಲ್ಲಿ ನಮ್ಮ ಸಂಘದ ಜಗಲಿಯಲ್ಲಿ ಕೇಳಿಬರುವ ಪರದೇಶದ ಹೆಸರುಗಳಲ್ಲಿ ಇಂಡೋನೇಷ್ಯಾದ್ದೂ ಒಂದು. ಅಲ್ಲಿಂದ ಅಡಿಕೆ ಹಡಗೇರಿ ಬರುತ್ತದೆ, ಅಲ್ಲಿಯ ರೋಬಸ್ಟಾ ನಮ್ಮ ರೋಬಸ್ಟಾಕ್ಕೆ ಎದುರಾಳಿ ಎಂಬಿಷ್ಟನ್ನು ಬಿಟ್ಟರೆ ಆ ದೇಶದ ಬೆಳೆಗಾರನ ವಿಷಯ ನಮಗೆ ತಿಳಿದಿರುವುದು ಕಡಿಮೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋವೊಂದಕ್ಕೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಆ ಬೇಲಿಯ ಆಚೆ ಕಡೆ ನಿಂತವನು ಯಾರು, ಅವನ ಹಿಡುವಳಿ ಎಷ್ಟು, ಅವನ ಮನೆಯ ಯಜಮಾನಿಕೆ ಯಾರದು ಎಂದು ವಿಚಾರಿಸಿದವರು ವಿರಳ. ಈಚೆಗೆ ಬಾಲಿ ದ್ವೀಪಕ್ಕೆ ಹೋಗಿಬರುವ ನಮ್ಮವರು ಹೆಚ್ಚಾಗಿರುವುದರಿಂದ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ಆ ದೇಶದಲ್ಲಿ ಜಮೀನು ಸಿಕ್ಕೀತೆ, ಹೋಗಿ ನೆಲೆಸಬಹುದೆ? ಈ ಲೇಖನದಲ್ಲಿ ಎರಡಕ್ಕೂ ಉತ್ತರ ಹೇಳಲು ಯತ್ನಿಸಿದ್ದೇವೆ. ಬಾಲಿಯ ವಿಷಯ ಎಲ್ಲರೂ ಬರೆಯುತ್ತಾರೆ. ನಾವು ಆರಿಸಿಕೊಂಡಿರುವುದು ಪಶ್ಚಿಮ ಸುಮಾತ್ರಾದ ಬೆಟ್ಟಸೀಮೆಯನ್ನು, ಅಲ್ಲಿಯ ಮಿನಾಂಗ್‌ಕಬಾವ್ ಜನರ ಹಳ್ಳಿಗಳನ್ನು. ಕಾರಣ ಮುಂದೆ ತಿಳಿಯುತ್ತದೆ.

ಮೊದಲು ಲೆಕ್ಕದ ಮಾತು ಮುಗಿಸಿಬಿಡೋಣ. ಇಂಡೋನೇಷ್ಯಾದಲ್ಲಿ ಸುಮಾರು 12 ಲಕ್ಷ ಹೆಕ್ಟೇರಿನಲ್ಲಿ ಕಾಫಿ ಇದೆ. ನಮ್ಮಲ್ಲಿ ಐದು ಲಕ್ಷಕ್ಕೆ ಸ್ವಲ್ಪ ಕಡಿಮೆ. ನೆಲ ನಮ್ಮದರ ಎರಡೂವರೆ ಪಟ್ಟಾದರೂ ಬೆಳೆ ಮಾತ್ರ ಸುಮಾರು ಎರಡು ಪಟ್ಟು. ಆ ನೆಲದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಭಾಗ ಸಣ್ಣ ಹಿಡುವಳಿದಾರರ ಕೈಯಲ್ಲಿದೆ. ಒಂದು ಹೆಕ್ಟೇರ್, ಒಂದೂವರೆ ಹೆಕ್ಟೇರ್, ಎಷ್ಟೋ ಕಡೆ ಅದಕ್ಕೂ ಕಡಿಮೆ. ಅಂದರೆ ನಮ್ಮ ಎದುರಾಳಿ ದೊಡ್ಡ ಎಸ್ಟೇಟಿನ ಸಾಹುಕಾರನಲ್ಲ, ನಮ್ಮಂಥವನೇ. ಅವನ ಕಾಫಿಯ ಮೂಲವೂ ನಮ್ಮ ಪಶ್ಚಿಮ ಕರಾವಳಿಯೇ: 1696ರಲ್ಲಿ ಡಚ್ಚರು ಮಲಬಾರಿನಿಂದ ಜಾವಾಕ್ಕೆ ಗಿಡ ಒಯ್ದರು, ಅವು ನೆರೆಯಲ್ಲಿ ನಾಶವಾದ ಮೇಲೆ 1699ರಲ್ಲಿ ಮತ್ತೊಮ್ಮೆ ಒಯ್ದರು. ನೂರ ಎಪ್ಪತ್ತೇಳು ವರ್ಷ ಕಳೆದು 1876ರಲ್ಲಿ ಎಲೆತುಕ್ಕು ರೋಗ ಸುಮಾತ್ರಾವನ್ನು ಮುಟ್ಟಿತು. ತಗ್ಗಿನ ತೋಟಗಳ ಅರೇಬಿಕಾ ಹಾಳಾಗಿ, 1900ರ ಸುಮಾರಿಗೆ ರೋಬಸ್ಟಾ ಬಂದು ಆ ಜಾಗ ಹಿಡಿಯಿತು. ಎತ್ತರದ ಸೀಮೆಗಳಲ್ಲಿ ಮಾತ್ರ ಅರೇಬಿಕಾ ಉಳಿಯಿತು.

ಮಿನಾಂಗ್‌ಕಬಾವ್ ಸೀಮೆ ಅಂಥದ್ದು. ಪಡಾಂಗ್ ಪಟ್ಟಣದ ಕಡಲತೀರದಿಂದ ಘಟ್ಟ ಹತ್ತಿದರೆ ಮರಾಪಿ, ಸಿಂಗ್ಗಲಾಂಗ್ ಮೊದಲಾದ ಅಗ್ನಿಪರ್ವತಗಳು. ಅವುಗಳ ಮಗ್ಗುಲಲ್ಲಿ ಮೆಟ್ಟಿಲುಗದ್ದೆಗಳು. ಗದ್ದೆಯ ಮೇಲ್ಬದಿಗೆ ತೋಟ, ತೋಟದ ಮೇಲ್ಬದಿಗೆ ಕಾಡು. ನಮ್ಮ ಮಲೆನಾಡಿನವನಿಗೆ ಈ ವಿನ್ಯಾಸ ಹೊಸದಲ್ಲ. ಹಳ್ಳಿಗೆ ಅವರಿಟ್ಟ ಹೆಸರು ‘ನಗರಿ’. ಸಂಸ್ಕೃತದ ಶಬ್ದವೇ. ನಮ್ಮಲ್ಲಿ ಪಟ್ಟಣಕ್ಕೆ ಸಂದದ್ದು ಅವರಲ್ಲಿ ಹಳ್ಳಿಗೆ ಸಂದಿದೆ. ಒಂದೊಂದು ನಗರಿಯಲ್ಲಿ ಹಲವು ಕುಲಗಳು, ಪ್ರತಿ ಕುಲಕ್ಕೂ ಮುಖಂಡರು, ಅವರೆಲ್ಲ ಕೂಡಿದ ಒಂದು ಸಂಪ್ರದಾಯ ಸಭೆ. 1979ರ ಕಾನೂನಿನಂತೆ ದೇಶಕ್ಕೆಲ್ಲ ಒಂದೇ ನಮೂನೆಯ ಗ್ರಾಮಾಡಳಿತ ಮಾಡಹೊರಟ ಜಕಾರ್ತಾ ಸರ್ಕಾರ ನಗರಿಗಳನ್ನು ಒಡೆದು ಚೂರು ಮಾಡಿತ್ತು. 2000ದ ನಂತರ ಪ್ರಾಂತ ಸರ್ಕಾರ ಅವನ್ನು ಮತ್ತೆ ಜೋಡಿಸಿತು.

ಈಗ ಜಮೀನಿನ ವಿಷಯ. ಇದೇ ನಮ್ಮ ಲೇಖನದ ತಿರುಳು.

ಮಿನಾಂಗ್‌ಕಬಾವ್ ಜನ ಕಟ್ಟಾ ಮುಸಲ್ಮಾನರು. ಆದರೂ ಅವರ ಮನೆತನದ ಆಸ್ತಿ ತಂದೆಯಿಂದ ಮಗನಿಗೆ ಹೋಗುವುದಿಲ್ಲ, ತಾಯಿಯಿಂದ ಮಗಳಿಗೆ ಹೋಗುತ್ತದೆ. ಗದ್ದೆ, ತೋಟ, ಕೆರೆ, ದೊಡ್ಡಮನೆ ಎಲ್ಲ ಒಬ್ಬ ಮೂಲ ಅಜ್ಜಿಯ ಸಂತತಿಗೆ ಸೇರಿದ್ದು. ಇಂಥ ಪಿತ್ರಾರ್ಜಿತಕ್ಕೆ (ಮಾತ್ರಾರ್ಜಿತವೆನ್ನುವುದೇ ಸರಿಯೇನೋ!) ‘ಪುಸಾಕೋ’ ಎನ್ನುತ್ತಾರೆ. ಅದರ ಮೇಲ್ವಿಚಾರಣೆ ತಾಯಿಯ ಅಣ್ಣತಮ್ಮಂದಿರಲ್ಲಿ ಹಿರಿಯನದು. ಅವನನ್ನು ಅವರು ಕರೆಯುವುದು ‘ಮಾಮಕ್’ ಎಂದು! ಅವನ ಹೊಣೆ ತನ್ನ ಮಕ್ಕಳಿಗಿಂತ ಮೊದಲು ತಂಗಿಯ ಮಕ್ಕಳ ಕಡೆಗೆ. ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಹೋಗಿ ಇರತಕ್ಕವನು. ಅಲ್ಲಿ ಅವನು ಮರದ ಬೊಡ್ಡೆಯ ಮೇಲಿನ ಬೂದಿಯಂತೆ, ಗಾಳಿ ಬೀಸಿದರೆ ಹಾರಿಹೋಗುವವನು ಎಂದು ಅವರಲ್ಲೇ ಒಂದು ಗಾದೆ ಇದೆ.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ನಮ್ಮ ಸದಸ್ಯರು ಇದನ್ನೋದಿ ಮುಗುಳ್ನಗುತ್ತಿರಬೇಕು. ಅಳಿಯಸಂತಾನ ಕಟ್ಟನ್ನು ಕಂಡವರಿಗೆ ಇದರಲ್ಲಿ ಬೆರಗೇನೂ ಇಲ್ಲ. ಬಂಟರು, ಬಿಲ್ಲವರು ಮೊದಲಾದ ಹಲವು ಸಮುದಾಯಗಳಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಬಳಿಯಲ್ಲೇ ಇಳಿದುಬರುತ್ತಿತ್ತು. ಅವರಲ್ಲಿ ಒಂದು ಹೆಜ್ಜೆ ಮುಂದೆ: ಮನೆಯ ಹಿರಿಯ ಹೆಣ್ಣೇ ಯಜಮಾನ್ತಿಯಾಗುವುದೂ ಇತ್ತು. ಆದರೆ ನಮ್ಮಲ್ಲಿ 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. ಕುಟುಂಬಗಳು ಒಡೆದು ವಿಭಾಗಪತ್ರಗಳಾದವು. ಸುಮಾತ್ರಾದಲ್ಲಿ ಹಾಗಾಗಲಿಲ್ಲ. 1952ರಲ್ಲಿ ಬುಕಿಟ್ಟಿಂಗಿ ಪಟ್ಟಣದಲ್ಲಿ ಧರ್ಮಪಂಡಿತರೂ ಕುಲದ ಮುಖಂಡರೂ ಕೂಡಿ ಕುಳಿತು ಒಂದು ತೀರ್ಮಾನಕ್ಕೆ ಬಂದರು. ಹಿಂದಿನಿಂದ ಬಂದ ಪುಸಾಕೋ ಹಳೆಯ ಕಟ್ಟಿನಂತೆ ಹೆಣ್ಣಿನ ಬಳಿಯಲ್ಲಿ ನಡೆಯಲಿ, ಗಂಡಹೆಂಡಿರು ದುಡಿದು ಗಳಿಸಿದ ಸ್ವಯಾರ್ಜಿತ ಮಾತ್ರ ಇಸ್ಲಾಮಿನ ನಿಯಮದಂತೆ ಮಕ್ಕಳಿಗೆ ಹಂಚಿಹೋಗಲಿ ಎಂದು. ಕೋರ್ಟು ಕಚೇರಿ ಮಾಡದೆ ಇಷ್ಟು ದೊಡ್ಡ ತಂಟೆಯನ್ನು ಬಗೆಹರಿಸಿಕೊಂಡದ್ದು ಸಾಮಾನ್ಯವಲ್ಲ.

ಪುಸಾಕೋ ಜಮೀನನ್ನು ಮಾರುವಂತಿಲ್ಲ. ಭೋಗ್ಯಕ್ಕೆ ಕೊಡಬಹುದು, ಅದೂ ನಾಲ್ಕೇ ಕಾರಣಗಳಿಗೆ. ಮನೆಯಲ್ಲಿ ಹೆಣ ಬಿದ್ದು ಕ್ರಿಯೆಗೆ ಹಣವಿಲ್ಲದಿದ್ದರೆ, ಬೆಳೆದ ಮಗಳ ಮದುವೆ ನಿಂತಿದ್ದರೆ, ದೊಡ್ಡಮನೆಯ ಮಾಡು ಸೋರುತ್ತಿದ್ದರೆ, ಕುಲದ ಮುಖಂಡನ ಪಟ್ಟ ಬಹುಕಾಲ ಖಾಲಿಬಿದ್ದು ಅದನ್ನು ಮತ್ತೆ ಎತ್ತಿ ನಿಲ್ಲಿಸಬೇಕಾಗಿದ್ದರೆ. ಆಗಲೂ ಕುಟುಂಬದವರೆಲ್ಲ ಒಪ್ಪಬೇಕು. ಒಬ್ಬ ಸೋದರಿ ಒಲ್ಲೆನೆಂದರೆ ಮುಗಿಯಿತು. ಭೋಗ್ಯದ ಬೆಲೆ ಹೆಚ್ಚಾಗಿ ಚಿನ್ನದ ತೂಕದಲ್ಲಿ. ಇಷ್ಟು ಚಿನ್ನ ಪಡೆದೆ, ಇಷ್ಟೇ ಚಿನ್ನ ಹಿಂದಿರುಗಿಸಿದ ದಿನ ಗದ್ದೆ ನನ್ನದು. ಅಲ್ಲಿಯವರೆಗೆ ಫಸಲು ನಿನ್ನದು. ಚಿನ್ನದ ಬೆಲೆ ಏರಿದಂತೆ ಬಿಡಿಸಿಕೊಳ್ಳುವುದು ಕಷ್ಟವಾಗುತ್ತ ಹೋಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಎರಡು ತಲೆಮಾರು ಭೋಗ್ಯದಲ್ಲೇ ಇರುವ ಗದ್ದೆಗಳೂ ಉಂಟು. 1960ರ ಕಾನೂನೊಂದು ಏಳು ವರ್ಷ ಅನುಭವಿಸಿದ ಭೋಗ್ಯದ ಜಮೀನನ್ನು ಹಣ ಕೇಳದೆ ಮಾಲೀಕನಿಗೆ ಬಿಟ್ಟುಕೊಡತಕ್ಕದ್ದೆಂದು ವಿಧಿಸಿದೆ. ಮಿನಾಂಗ್‌ಕಬಾವ್ ಹಳ್ಳಿಗಳಲ್ಲಿ ಅದನ್ನು ಅಷ್ಟಾಗಿ ಯಾರೂ ಎತ್ತುವುದಿಲ್ಲ. ಕಷ್ಟಕ್ಕಾದವನ ಹಣ ಮುಳುಗಿಸುವುದು ಸಣ್ಣತನವೆಂದು ಅವರ ಭಾವನೆ.

ಈ ಕಟ್ಟಿನಿಂದ ಲಾಭವೇನು? ವಿಧವೆಯಾಗಲಿ, ಗಂಡ ಬಿಟ್ಟವಳಾಗಲಿ, ಹೆಣ್ಣುಮಗಳೊಬ್ಬಳು ನಿರ್ಗತಿಕಳಾಗಿ ಬೀದಿಗೆ ಬೀಳುವುದು ಅಲ್ಲಿ ಅಪರೂಪ. ಅವಳಿಗೆ ತಾಯಿಮನೆಯಲ್ಲಿ ಕೋಣೆಯೊಂದು, ಉಣ್ಣಲು ಗದ್ದೆಯೊಂದು ಇದ್ದೇ ಇರುತ್ತದೆ. ಪಟ್ಟಣದಲ್ಲಿ ಸೋತು ಬಂದ ಅಣ್ಣನಿಗೂ ಊರಿನಲ್ಲಿ ಹೆಜ್ಜೆಯೂರಲು ನೆಲವಿದೆ. ನಮ್ಮಲ್ಲಿ ಒಂದು ಧಾರಣೆ ಕುಸಿತಕ್ಕೆ, ಒಂದು ಆಸ್ಪತ್ರೆ ಖರ್ಚಿಗೆ, ನಾಲ್ಕು ತಲೆಮಾರು ಸಾಕಿದ ತೋಟ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲೇರುವುದನ್ನು ಕಂಡಿರುವ ನಮಗೆ ಇದು ಸಣ್ಣ ವಿಷಯವಲ್ಲ.

ನಷ್ಟವೂ ಅಷ್ಟೇ ದೊಡ್ಡದು. ಎಲ್ಲರ ಜಮೀನನ್ನು ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ತೆಗೆಯುವುದು ಹೇಗೆ? ಹಕ್ಕುಪತ್ರ ಮಾಡಿಸಬೇಕೆಂದರೆ ‘ರಂಜಿ’ ಎಂಬ ವಂಶವೃಕ್ಷ ಬರೆಸಿ, ಹಿರಿಯ ಮಾಮನಿಂದ ಹಿಡಿದು ಪಾಲುಳ್ಳವರೆಲ್ಲರ ರುಜು ಹಾಕಿಸಿ, ನಗರಿಯ ಸಭೆಯಿಂದ ಒಪ್ಪಿಗೆ ತರಬೇಕು. ಪೌತಿ ಖಾತೆಗಾಗಿ ನಾಡಕಚೇರಿಗೆ ಅಲೆದವರು ಈ ಸಂಕಟವನ್ನು ಊಹಿಸಿಕೊಳ್ಳಬಲ್ಲರು. ನಮ್ಮ ವಂಶವೃಕ್ಷ ತಂದೆಯ ಕಡೆಯದು, ಅವರದು ತಾಯಿಯ ಕಡೆಯದು, ವ್ಯತ್ಯಾಸ ಅಷ್ಟೆ. ಇನ್ನು, ತನ್ನದಲ್ಲದ ತೋಟದಲ್ಲಿ ಗಂಡಸು ಮೈಮುರಿದು ಗಿಡ ನೆಡುವನೆ? ಹೆಂಡತಿಯ ಮನೆಯಲ್ಲಿ ಅವನು ನೆಂಟ, ತಾಯಿಯ ಮನೆಯಲ್ಲಿ ಮೇಲ್ವಿಚಾರಕ. ಆದ್ದರಿಂದಲೇ ಮಿನಾಂಗ್‌ಕಬಾವ್ ತರುಣರು ಮೀಸೆ ಮೂಡುವಷ್ಟರಲ್ಲಿ ಊರು ಬಿಡುತ್ತಾರೆ. 2010ರ ಜನಗಣತಿಯಲ್ಲಿ ಈ ಜನ ದೇಶದಾದ್ಯಂತ ಸುಮಾರು 64 ಲಕ್ಷ. ತಾಯ್ನೆಲದಲ್ಲಿದ್ದವರು ಸುಮಾರು 42 ಲಕ್ಷ. ಉಳಿದವರು ಜಕಾರ್ತಾದಲ್ಲಿ, ಮೆಡಾನಿನಲ್ಲಿ, ಎಲ್ಲೆಂದರಲ್ಲಿ ಅಂಗಡಿಯಿಟ್ಟವರು, ಹೋಟೆಲು ಹಾಕಿದವರು. ನಮ್ಮ ದೇಶದ ಊರೂರಲ್ಲೂ ಉಡುಪಿ ಹೋಟೆಲು ಇರುವಂತೆ ಆ ದೇಶದ ಊರೂರಲ್ಲೂ ಪಡಾಂಗ್ ಹೋಟೆಲು. ಎರಡೂ ಕಡೆ ಊರು ಬಿಟ್ಟವರು ಕಟ್ಟಿದ ಉದ್ಯಮ. ಅವರು ಕಳಿಸುವ ಹಣದಿಂದ ಊರಿನಲ್ಲಿ ಮಸೀದಿಗೆ ಹೊಸ ಗುಮ್ಮಟ ಬರುತ್ತದೆ, ಶಾಲೆ ಬರುತ್ತದೆ. ಎಮ್ಮೆಯ ಕೋಡಿನಂತೆ ಮಾಡು ಮೇಲಕ್ಕೆ ಬಾಗಿದ ದೊಡ್ಡಮನೆಗಳು ಮಾತ್ರ ಎಷ್ಟೋ ಕಡೆ ಬೀಗ ಹಾಕಿಕೊಂಡು ನಿಂತಿವೆ.

ಇನ್ನೊಂದು ಕಹಿ ಸಂಗತಿ. ಕುಟುಂಬದ ಗದ್ದೆ ಉಳಿದರೂ ನಗರಿಗೆ ಸೇರಿದ ಕಾಡು, ಬೀಳುಭೂಮಿ ಉಳಿಯಲಿಲ್ಲ. ಪಶ್ಚಿಮ ಪಸಾಮನ್ ಕಡೆ 1980, 90ರ ದಶಕಗಳಲ್ಲಿ ತಾಳೆಎಣ್ಣೆ ಕಂಪನಿಗಳಿಗೆಂದು ಮುಖಂಡರು ಸಾಮೂಹಿಕ ಭೂಮಿಯನ್ನು ಬಿಟ್ಟುಕೊಟ್ಟರು. ವಾಯಿದೆ ಮುಗಿದ ಮೇಲೆ ಊರಿಗೆ ಮರಳುತ್ತದೆಂದು ಊರವರು ನಂಬಿದ್ದರು. ಕಾನೂನಿನ ಪ್ರಕಾರ ಅದು ಮರಳುವುದು ಸರ್ಕಾರಕ್ಕೆ. ಆ ವ್ಯಾಜ್ಯಗಳು ಇಂದಿಗೂ ತೀರಿಲ್ಲ. ಕೊಳ್ಳುವವನಿಗೆ ಮಾರಬಾರದೆಂದು ಕಟ್ಟುಮಾಡಿದ ಹಿರಿಯರು, ಗುತ್ತಿಗೆಯ ಕಾಗದವನ್ನು ಓದಿಸಿ ಕೇಳಬೇಕೆಂದು ಕಟ್ಟುಮಾಡಿರಲಿಲ್ಲ. ಕುಮ್ಕಿ, ಬಾಣೆ ಜಮೀನುಗಳ ಹಣೆಬರಹವನ್ನು ಇನ್ನೂ ಕಾಯುತ್ತಿರುವ ನಾವು ಅವರನ್ನು ನೋಡಿ ನಗುವಂತಿಲ್ಲ.

ಹೀಗಿರುವಲ್ಲಿ ಹೊರಗಿನವನು ಅಲ್ಲಿ ಜಮೀನು ಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ಸಾಧ್ಯವಿಲ್ಲ. ಊರಿನ ಕಟ್ಟು ಹಾಗಿರಲಿ, 1960ರ ಭೂಕಾನೂನಿನಂತೆ ಪೂರ್ಣ ಒಡೆತನದ ಹಕ್ಕು ಇಂಡೋನೇಷ್ಯಾದ ಪ್ರಜೆಗೆ ಮಾತ್ರ. ಪರದೇಶದವನಿಗೆ ಮಾಡಿಕೊಟ್ಟ ಕ್ರಯ ಶೂನ್ಯ. ಭೂಮಿ ಸರ್ಕಾರದ ಪಾಲು, ಕೊಟ್ಟ ಹಣ ನೀರಿನ ಪಾಲು. ಸ್ಥಳೀಯನೊಬ್ಬನ ಹೆಸರಿನಲ್ಲಿ ಬೇನಾಮಿಯಾಗಿ ಕೊಳ್ಳಬಹುದೆಂದು ಪುಸಲಾಯಿಸುವ ದಳ್ಳಾಳಿಗಳು ಬಾಲಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಮಾತಿಗೆ ಕಿವಿಗೊಡುವುದು ಬೇಡ. ಸಾಗುವಳಿ ಜಮೀನಿನ ಮಾಲೀಕ ಅದೇ ಹೋಬಳಿಯಲ್ಲಿ ವಾಸವಾಗಿರಬೇಕೆಂಬ ನಿಯಮ ಅವರ ಸ್ವಂತ ಪ್ರಜೆಗಳಿಗೇ ಇದೆ. ಪರದೇಶದವನಿಗೆ ವಾಸದ ಮನೆಯ ಮಟ್ಟಿಗೆ ‘ಹಕ್ ಪಾಕಾಯ್’ ಎಂಬ ಉಪಯೋಗದ ಹಕ್ಕು ಸಿಗಬಹುದು. ಅಲ್ಲಿ ವಾಸಿಸುವ ಪರವಾನಗಿ ಇರಬೇಕು; 2021ರ ನಿಯಮದಂತೆ ಅವಧಿ 30 ವರ್ಷ, ಆಮೇಲೆ 20, ಮತ್ತೆ 30. ಇದರಲ್ಲಿ ಕೋಪಿಸಿಕೊಳ್ಳುವಂಥದ್ದೇನೂ ಇಲ್ಲ. ವಿದೇಶದಲ್ಲಿ ನೆಲೆಸಿದ ನಮ್ಮವರೇ ನಮ್ಮ ದೇಶದಲ್ಲಿ ಕೃಷಿ ಜಮೀನನ್ನಾಗಲಿ ಕಾಫಿ ತೋಟವನ್ನಾಗಲಿ ಕ್ರಯಕ್ಕೆ ಕೊಳ್ಳುವಂತಿಲ್ಲವಲ್ಲ. ಮಿನಾಂಗ್‌ಕಬಾವ್ ಹಳ್ಳಿಗೆ ಬಂದ ಹೊರಗಿನವನನ್ನು ಒಂದು ಕುಲ ವಿಧಿವತ್ತಾಗಿ ತನ್ನೊಳಗೆ ಸೇರಿಸಿಕೊಳ್ಳುವ ಪದ್ಧತಿ ಮಾತ್ರ ಉಂಟು. ಆಗ ಅವನಿಗೊಬ್ಬ ಮಾಮ ಸಿಗುತ್ತಾನೆ, ಉಳಲು ನೆಲ ಸಿಗಬಹುದು. ಆದರೂ ಮಾರುವ ಹಕ್ಕು ಸಿಗುವುದಿಲ್ಲ.

ತೋಟದ ಕಡೆ ಬರೋಣ. ಮನಿಂಜಾವ್ ಸರೋವರದ ಸುತ್ತಲಿನ ‘ಪರಕ್’ ಎಂಬ ಮಿಶ್ರತೋಟಗಳು ನೋಡತಕ್ಕವು. ಮೇಲೆ ದುರಿಯನ್ ಮರ, ನಡುವೆ ಜಾಯಿಕಾಯಿ, ದಾಲ್ಚಿನ್ನಿಯ ಜಾತಿಯ ಕಾಸಿಯಾ, ಕೆಳಗೆ ಕಾಫಿ. ಕಾಸಿಯಾ ಮರವೇ ಅವರ ಠೇವಣಿ. ಎಂಟು ಹತ್ತು ವರ್ಷ ಬಿಟ್ಟು ಮದುವೆಗೋ ಮನೆ ಕಟ್ಟುವುದಕ್ಕೋ ಹಣ ಬೇಕಾದಾಗ ಕಡಿದು ತೊಗಟೆ ಸುಲಿಯುತ್ತಾರೆ. ಬೊಡ್ಡೆ ಮತ್ತೆ ಚಿಗುರುತ್ತದೆ. ನಮ್ಮ ಸಿಲ್ವರ್ ಮರದಂತೆ ಎನ್ನಿ. ಕಾಫಿಯ ಸಂಸ್ಕರಣೆಯಲ್ಲಿ ಒಂದು ವಿಚಿತ್ರವಿದೆ. ಪಲ್ಪ್ ಮಾಡಿ ತೊಳೆದ ಪಾರ್ಚ್‌ಮೆಂಟನ್ನು ನಾವು ಪೂರ್ತಿ ಒಣಗಿಸಿ ಕ್ಯೂರಿಂಗಿಗೆ ಕಳಿಸುತ್ತೇವೆ. ಅವರು ಇನ್ನೂ ಶೇಕಡಾ 30, 35ರಷ್ಟು ತೇವವಿರುವಾಗಲೇ ಹೊಟ್ಟು ಬಿಡಿಸಿ, ಹಸಿಬೀಜವನ್ನೇ ಒಣಗಿಸುತ್ತಾರೆ. ವರ್ಷವಿಡೀ ಮಳೆ, ಬಿಸಿಲು ನಂಬುವಂತಿಲ್ಲ, ಕೈಗೆ ದುಡ್ಡು ಬೇಗ ಬೇಕು. ಈ ಅವಸರದಿಂದಲೇ ಹುಟ್ಟಿದ ಮಣ್ಣುಗಂಪಿನ ರುಚಿಗೆ ಹೊರದೇಶದವರು ಹೆಚ್ಚು ಹಣ ಕೊಡುತ್ತಾರೆ! ಸೋಲೋಕ್ ಜಿಲ್ಲೆಯ ಬೆಟ್ಟದಲ್ಲಿ ‘ಸೋಲೋಕ್ ರಾಜೋ’ ಎಂಬ ಬೆಳೆಗಾರರ ಸಹಕಾರ ಸಂಘ ಅರೇಬಿಕಾ ಹಣ್ಣನ್ನು ಕೊಂಡು ತಾನೇ ಸಂಸ್ಕರಿಸಿ ಹೆಸರು ಮಾಡಿದೆ. ಸಹಕಾರದ ಮಾತು ಬಂದದ್ದರಿಂದ ಹೇಳುತ್ತೇವೆ: ಇಂಡೋನೇಷ್ಯಾದ ಸಹಕಾರ ಚಳವಳಿಯ ಪಿತಾಮಹನೆಂದು ಆ ದೇಶ ಗೌರವಿಸುವ ಮೊಹಮ್ಮದ್ ಹಟ್ಟಾ, ಅದರ ಮೊದಲ ಉಪರಾಷ್ಟ್ರಪತಿ, 1902ರಲ್ಲಿ ಹುಟ್ಟಿದ್ದು ಇದೇ ಬುಕಿಟ್ಟಿಂಗಿಯಲ್ಲಿ.

ಕಾಫಿಗೂ ಈ ಜನಕ್ಕೂ ಹಳೆಯ ಗಾಯದ ಸಂಬಂಧವಿದೆ. 1847ರಿಂದ ಡಚ್ಚರು ಇಲ್ಲಿ ಕಡ್ಡಾಯ ಕಾಫಿ ಸಾಗುವಳಿ ಹೇರಿದರು. ಬೆಳೆದ ಬೀಜವನ್ನೆಲ್ಲ ಸರ್ಕಾರದ ಉಗ್ರಾಣಕ್ಕೆ, ಅವರು ನಿಗದಿ ಮಾಡಿದ ಅಗ್ಗದ ಬೆಲೆಗೆ ಹಾಕಬೇಕು. 1908ರಲ್ಲಿ ಅದನ್ನು ತೆಗೆದು ಹಣದ ಕಂದಾಯ ಹಾಕಿದಾಗ ರೈತರು ದಂಗೆಯೆದ್ದರು. ಮಂಗೊಪೋ ಎಂಬಲ್ಲಿ ಮುಂದೆ ನಿಂತವಳು ಸೀತಿ ಎಂಬ ಹೆಂಗಸು. ಆ ಸೀಮೆಯಲ್ಲಿ ಕಾಫಿ ಎಲೆಯ ಕಷಾಯ ಇವತ್ತಿಗೂ ಪ್ರಸಿದ್ಧ. ಎಲೆಯನ್ನು ಬೆಂಕಿಯ ಮೇಲೆ ಒಣಗಿಸಿ, ಕುದಿಸಿ, ತೆಂಗಿನ ಕರಟದಲ್ಲಿ ಕುಡಿಯುತ್ತಾರೆ. ಬೀಜವೆಲ್ಲ ಡಚ್ಚರ ಪಾಲಾದ್ದರಿಂದ ಬೆಳೆದವನಿಗೆ ಎಲೆಯೇ ಗತಿಯಾಯಿತೆಂದು ಅಂಗಡಿಯವರು ಕಥೆ ಹೇಳುತ್ತಾರೆ. ಕಡ್ಡಾಯ ಸಾಗುವಳಿಗೆ ಮೊದಲೇ ಎಲೆ ಕುಡಿಯುವ ರೂಢಿ ಇತ್ತೆಂದು ಚರಿತ್ರೆ ಬಲ್ಲವರ ಮತ. ಹೇಗೂ ಮರಗಸಿ, ಚಿಗುರು ತೆಗೆಯುವ ಕಾಲದಲ್ಲಿ ನಾವೂ ಒಮ್ಮೆ ಕುದಿಸಿ ನೋಡಬಹುದು, ಔಷಧಿ ಹೊಡೆಯದ ಗಿಡವಾಗಿದ್ದರೆ.

ಅಡಿಕೆ, ವೀಳ್ಯ ಅವರಿಗೂ ಮಂಗಳದ್ರವ್ಯ. ನಿಶ್ಚಿತಾರ್ಥಕ್ಕಾಗಲಿ ಅತಿಥಿ ಸತ್ಕಾರಕ್ಕಾಗಲಿ ಹಿತ್ತಾಳೆಯ ಪಾತ್ರೆಯಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣ, ಗಂಬೀರ್ ಇಟ್ಟು ಮುಂದೆ ಹಿಡಿಯಬೇಕು. ಗಂಬೀರ್ ಎಂದರೆ ಒಂದು ಬಳ್ಳಿಯ ಎಲೆಯಿಂದ ತೆಗೆದ ಚೊಗರು ಸಾರ, ನಮ್ಮ ಕಾಚಿನ ಬದಲಿಗೆ ಬರುವಂಥದ್ದು. ಲೋಕದ ಗಂಬೀರಿನಲ್ಲಿ ಬಹುಪಾಲು ಈ ಪ್ರಾಂತದ್ದೇ. ಮುಖ್ಯ ಗಿರಾಕಿ ನಮ್ಮ ದೇಶದ ಪಾನ್ ಮಸಾಲೆಯವರು. ಅಲ್ಲಿಯ ಗಂಬೀರ್ ಬೆಳೆಗಾರ ಭಾರತದ ವ್ಯಾಪಾರಿ ಬೆಲೆ ಇಳಿಸಿದನೆಂದು ದೂರುತ್ತಾನೆ. ನಾವು ಇಲ್ಲಿ ಇಂಡೋನೇಷ್ಯಾದ ಅಡಿಕೆಯನ್ನು ದೂರುತ್ತೇವೆ. ಇಬ್ಬರ ಸರಕೂ ಕೊನೆಗೆ ಸೇರುವುದು ಒಂದೇ ಪೊಟ್ಟಣದೊಳಗೆ.

ಹೋಗಿ ನೋಡಬೇಕೆನ್ನುವ ಸದಸ್ಯರಿಗೆ ಕೆಲವು ಮಾತು. ಬೆಂಗಳೂರಿನಿಂದ ಕ್ವಾಲಾಲಂಪುರದ ಮೂಲಕ ಪಡಾಂಗಿನ ಮಿನಾಂಗ್‌ಕಬಾವ್ ವಿಮಾನ ನಿಲ್ದಾಣಕ್ಕೆ ಹೋಗುವುದು ಹತ್ತಿರದ ದಾರಿ. ಭಾರತೀಯರಿಗೆ ಇಳಿದಲ್ಲೇ 30 ದಿನದ ವೀಸಾ ಕೊಡುವ ವ್ಯವಸ್ಥೆಯಿದೆ, ಶುಲ್ಕ ಅವರ ಹಣದಲ್ಲಿ 5 ಲಕ್ಷ ರೂಪಿಯಾ. ಇನ್ನೊಂದು 30 ದಿನಕ್ಕೆ ಒಮ್ಮೆ ಮುಂದುವರಿಸಬಹುದು. ಲಕ್ಷವೆಂದು ಗಾಬರಿಯಾಗುವುದು ಬೇಡ, ನಮ್ಮ ಒಂದು ರೂಪಾಯಿಗೆ ಅವರದು ನೂರಕ್ಕೂ ಮಿಕ್ಕಿ. ಪಡಾಂಗ್ ಪಟ್ಟಣದಿಂದ ಬುಕಿಟ್ಟಿಂಗಿಗೆ ಸುಮಾರು 90 ಕಿಲೋಮೀಟರ್ ಘಟ್ಟದ ದಾರಿ. ಶಿರಾಡಿ, ಚಾರ್ಮಾಡಿ ಕಂಡವರಿಗೆ ಲೆಂಬಾ ಆನಾಯ್ ಕಣಿವೆ ಪರಿಚಿತವೆನಿಸೀತು, ಮಳೆಗಾಲದ ಕಷ್ಟವೂ ಸೇರಿ. ಮರಾಪಿ ಪರ್ವತ 2023ರ ಡಿಸೆಂಬರ್ 3ರಂದು ಸಿಡಿದು ಚಾರಣಕ್ಕೆ ಹೋದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದು ಉಗುಳಿದ ಬೂದಿ, ಬಂಡೆ 2024ರ ಮೇ ತಿಂಗಳ ಮಳೆಗೆ ಹಳ್ಳಿಗಳ ಮೇಲೆ ಹರಿದು ಇನ್ನೂ ಅರುವತ್ತಕ್ಕೂ ಹೆಚ್ಚು ಜನ ಹೋದರು. ಕಣಿವೆಯ ರಸ್ತೆ ಎರಡು ತಿಂಗಳು ಮುಚ್ಚಿತ್ತು. 2025ರ ನವೆಂಬರ್ ಕೊನೆಯ ಮಳೆ ಸುಮಾತ್ರಾದ ಉತ್ತರ, ಪಶ್ಚಿಮ ಭಾಗಗಳಲ್ಲಿ ಇದಕ್ಕೂ ದೊಡ್ಡ ಅನಾಹುತ ಮಾಡಿತು. ಹೊರಡುವ ಮುನ್ನ ರಸ್ತೆ, ಬೆಟ್ಟ ಎರಡರ ಸ್ಥಿತಿಯನ್ನೂ ವಿಚಾರಿಸಿಕೊಳ್ಳಬೇಕು. ಬೆಟ್ಟದ ಮಣ್ಣು ಫಲವತ್ತಾಗಿರುವುದೂ ಆ ಬೂದಿಯಿಂದಲೇ.

ಶಾಖಾಹಾರಿಗಳಿಗೆ ಊಟ ಸ್ವಲ್ಪ ತೊಡಕು. ಅಲ್ಲಿಯ ಹೆಮ್ಮೆಯ ಅಡಿಗೆ ದನದ ಮಾಂಸದ್ದು. ಆದರೆ ತೆಂಗಿನಹಾಲಿನಲ್ಲಿ ಬೇಯಿಸಿದ ಎಳೆ ಹಲಸಿನ ಪಲ್ಯ, ಮರಗೆಣಸಿನ ಸೊಪ್ಪು ಎಲ್ಲೆಡೆ ಸಿಗುತ್ತವೆ. ಹಲಸಿನದರಲ್ಲೂ ಮೀನು ಮಾಂಸ ಬೆರೆತಿಲ್ಲವೆಂದು ಕೇಳಿಕೊಂಡು ಬಡಿಸಿಕೊಳ್ಳಬೇಕು. ಮರಾಪಿಯ ಮಗ್ಗುಲಿನ ಪರಿಯಾಂಗನ್ ನಗರಿ ತಮ್ಮ ಜನರ ಮೂಲಸ್ಥಾನವೆಂದು ಅವರ ನಂಬಿಕೆ. ಹಳೆಯ ದೊಡ್ಡಮನೆಗಳು, ಬಿಸಿನೀರಿನ ಬುಗ್ಗೆ, ಗದ್ದೆಯ ಮೆಟ್ಟಿಲುಗಳು ಅಲ್ಲಿ ಒಟ್ಟಿಗೆ ಕಾಣುತ್ತವೆ. ಪರಿಯಾಂಗನ್ ಇರುವ ತಾನಾ ದಾತಾರ್ ಜಿಲ್ಲೆಯಲ್ಲಿ ಕೊಯ್ಲಾದ ಕೆಸರುಗದ್ದೆಯಲ್ಲಿ ಜೋಡಿ ಹೋರಿ ಓಡಿಸುವ ‘ಪಾಚು ಜಾವಿ’ ಸಿಕ್ಕಿದರೆ ಬಿಡಬಾರದು. ಓಡಿಸುವವನು ಎರಡು ಬಾಲ ಹಿಡಿದು ಹಲಗೆಯ ಮೇಲೆ ನಿಲ್ಲುತ್ತಾನೆ, ವೇಗ ಸಾಲದಿದ್ದರೆ ಬಾಲ ಕಚ್ಚುತ್ತಾನೆ. ಥೇಟು ನಮ್ಮ ಕಂಬಳ. ಆದರೆ ಗುರಿಗೆರೆಯಿಲ್ಲ, ಬಹುಮಾನವಿಲ್ಲ, ಗೆದ್ದವರೂ ಇಲ್ಲ. ಜೋಡಿ ಅಗಲದೆ ನೇರಕ್ಕೆ ಓಡಿದ ಹೋರಿಗೆ ಅಂದೇ ಗದ್ದೆಯ ಬದುವಿನಲ್ಲಿ ಬೆಲೆ ಕುದುರುತ್ತದೆ. ಹೋರಿಯನ್ನು ಮಾರಲು ಮಾತ್ರ ಯಾವ ಮಾಮನ ಒಪ್ಪಿಗೆಯೂ ಬೇಕಿಲ್ಲ.